ಗೆರೆ ಎಳೆಯುವ ಮೊದಲು ಕೇಳಿ

ಇವತ್ತು ಬೇರೆಯವರನ್ನು ಪ್ರಶ್ನೆ ಮಾಡುವ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡು ಮಾತು ಶುರು ಮಾಡ್ತೀನಿ.

ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಕೊನೆಯ ವರ್ಷದ ರಜೆಯಲ್ಲಿ ಖರ್ಚಿಗೆ ನಾಲ್ಕು ಕಾಸು ಸಿಗುತ್ತೆ ಅಂತ ಒಂದು ಸರ್ವೇ ತಂಡದ ಜೊತೆ ಹೋಗಿದ್ದೆ. ಊರಿನ ಹೆಸರು ಬೇಡ. ನಮ್ಮ ಕಡೆಯದೇ ಒಂದು ಊರು, ಅದರ ನಡುವೆ ಒಂದು ಹಳೇ ಪೇಟೆ. ರಸ್ತೆ ಅಗಲ ಮಾಡಬೇಕು, ಅದಕ್ಕೆ ಅಳತೆ. ಹಿರಿಯರು ಟೇಪ್ ಹಿಡಿದು ಸಂಖ್ಯೆ ಕೂಗೋರು, ನಾನು ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆಯೋದು. ಇಷ್ಟೇ ಕೆಲಸ.

ಒಂದು ಅಂಗಡಿಯಲ್ಲಿ ವಯಸ್ಸಾದ ಟೇಲರ್ ಒಬ್ಬರು ಹೊಲಿಯುತ್ತ ಕೂತಿದ್ದರು. ಎದ್ದು ಬಂದು ಕೇಳಿದರು: "ತಮ್ಮಾ, ಏನ್ ಬರ್ಯಾಕತ್ತೀಯೋ?" ನಾನಂದೆ, "ಏನಿಲ್ರೀ ಕಾಕಾ, ಬರೇ ಅಳತಿ." ಅವರು ನಕ್ಕು, "ಬಿಸಲಾಗ ನಿಂತೀರಿ, ಚಾ ಕುಡೀರಿ" ಅಂತ ನಮಗೆಲ್ಲ ಚಹಾ ತರಿಸಿದರು.

ಗೋಡೆ ಮೇಲೆ ನಾನು ಬರೆದದ್ದು 3.0. ಅಂದರೆ ಅಲ್ಲಿಂದ ಒಳಕ್ಕೆ ಮೂರು ಮೀಟರ್ ರಸ್ತೆಗೆ ಹೋಗುತ್ತೆ. ಅವರ ಅಂಗಡಿಯ ಆಳ ಹತ್ತು ಅಡಿ. ಮೂರು ಮೀಟರ್ ಅಂದರೆ ಹತ್ತು ಅಡಿಗೆ ಎರಡು ಇಂಚು ಕಡಿಮೆ. ಅವರಿಗೆ ಉಳಿಯುವುದು ಹಿಂದಿನ ಗೋಡೆ ಮಾತ್ರ. ಇದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಚಹಾ ಕುಡಿದು ಮುಂದಿನ ಅಂಗಡಿಗೆ ಹೋದೆ.

ಎರಡು ವರ್ಷದ ನಂತರ ಆ ದಾರಿಯಲ್ಲಿ ಹೋದಾಗ ರಸ್ತೆ ಅಗಲವಾಗಿತ್ತು. ಟೇಲರ್ ಕಾಕಾ ಇರಲಿಲ್ಲ. ಅಂಗಡಿ ಬಾಡಿಗೆಯದಂತೆ. ಮಾಲೀಕರಿಗೆ ಏನೋ ಒಂದಿಷ್ಟು ಸಿಕ್ಕಿತಂತೆ. ಮೂವತ್ತು ವರ್ಷ ಅಲ್ಲೇ ಕೂತು ಹೊಲಿದವರಿಗೆ ಏನೂ ಸಿಗಲಿಲ್ಲ.

ರಸ್ತೆ ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಬಹುಶಃ ಬೇಕೇ ಇತ್ತು. ನನ್ನನ್ನು ಇವತ್ತಿಗೂ ಕಾಡುವುದು ಬೇರೆ ಮಾತು. ಆ ಪೇಟೆಯ ಭವಿಷ್ಯ ಏನು ಅನ್ನೋದು ಅಲ್ಲಿ ಬದುಕುವವರನ್ನು ಬಿಟ್ಟು ಉಳಿದ ಎಲ್ಲರಿಗೂ ಗೊತ್ತಿತ್ತು. ಇಪ್ಪತ್ತೊಂದು ವರ್ಷದ ಹುಡುಗ ನನಗೂ ಗೊತ್ತಿತ್ತು.

ಈ ಮಾತು ಇವತ್ತು ಯಾಕೆ ಬಂತು? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಈ ಐದೂ ಊರುಗಳು ಈಗ ಬೆಳೆಯುವ ಹಂತದಲ್ಲಿವೆ. ನಿಪ್ಪಾಣಿ ಮತ್ತು ಕಾಗವಾಡ 2018ರಲ್ಲಿ ತಾಲೂಕು ಕೇಂದ್ರಗಳಾದವು. ಚಿಕ್ಕೋಡಿ ಈಗಾಗಲೇ ಶೈಕ್ಷಣಿಕ ಜಿಲ್ಲೆ, ಲೋಕಸಭಾ ಕ್ಷೇತ್ರ, ಉಪವಿಭಾಗದ ಕೇಂದ್ರ. ಪೂರ್ಣ ಜಿಲ್ಲೆ ಮಾಡಿ ಅನ್ನುವ ಕೂಗು ದಶಕಗಳದ್ದು. ಊರು ಬೆಳೆದಾಗ ಕಚೇರಿ ಬರುತ್ತೆ, ಬೈಪಾಸ್ ಬರುತ್ತೆ, ಹೊಸ ಬಸ್ ನಿಲ್ದಾಣ ಬರುತ್ತೆ, ಕಾಂಪ್ಲೆಕ್ಸ್ ಬರುತ್ತೆ. ಒಳ್ಳೇದೇ. ಆದರೆ ಊರ ನಡುವಿನ ಪೇಟೆಗೆ ಏನಾಗುತ್ತೆ? ಅದನ್ನು ಯಾರು ನಿರ್ಧಾರ ಮಾಡ್ತಾರೆ? ಇವತ್ತಿನ ವಿಷಯ ಇದೇ.

ಮೊದಲು ಈ ಪೇಟೆಗಳನ್ನು ಸ್ವಲ್ಪ ನೋಡೋಣ. ಎಲ್ಲಾ ಪೇಟೆ ಒಂದೇ ತರ ಇರಲ್ಲ. ಮೇಲಿಂದ ಒಂದೇ ನಕ್ಷೆ ಇಳಿಸಿದರೆ ಕೆಲಸ ಕೆಡೋದು ಇಲ್ಲೇ.

ನಿಪ್ಪಾಣಿ ತಂಬಾಕಿನ ಪೇಟೆ. ಊರೊಳಗೆ ತಂಬಾಕಿನ ವಖಾರಿಗಳು, ಸುತ್ತಲ ಓಣಿಗಳಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು. ಬೀಡಿ ಕೆಲಸ ಹೇಗೆ ನಡೆಯುತ್ತೆ ಗೊತ್ತಲ್ಲ? ಎಲೆ ಮತ್ತು ತಂಬಾಕು ತಂದು, ಮನೆಯಲ್ಲಿ ಕಟ್ಟಿ, ಎಣಿಸಿ ವಾಪಸ್ ಕೊಡಬೇಕು. ಎಲ್ಲಾ ಕಾಲ್ನಡಿಗೆಯ ಲೆಕ್ಕ. ಅವರ ಮನೆಗಳನ್ನು ಊರ ಹೊರಗಿನ ಬಡಾವಣೆಗೆ ಸಾಗಿಸಿದರೆ ನಕ್ಷೆಯಲ್ಲಿ ಚಂದ ಕಾಣುತ್ತೆ. ದಿನದ ಕೂಲಿಯಲ್ಲಿ ಒಂದು ಪಾಲು ಆಟೋಕ್ಕೆ ಹೋಗುತ್ತೆ. ಇನ್ನು ತಂಬಾಕಿನ ವ್ಯಾಪಾರ ಮೊದಲಿನ ಹಾಗೆ ಇಲ್ಲ. ಹಾಗಾದರೆ ಆ ವಖಾರಿಗಳ ಜಾಗದಲ್ಲಿ ಮುಂದೆ ಏನು? ಮಾಲ್? ಮಾರ್ಕೆಟ್? ಹೆಣ್ಣುಮಕ್ಕಳಿಗೆ ಬೇರೆ ಕೆಲಸ ಕೊಡುವ ಏನಾದರೂ? ಈ ಪ್ರಶ್ನೆ ನಿಪ್ಪಾಣಿಯವರದ್ದು.

ಅಥಣಿ ಚಪ್ಪಲಿಯ ಊರು. ಜಗತ್ತು ಕೊಲ್ಹಾಪುರಿ ಅಂತ ಕರೆಯುವ ಚಪ್ಪಲಿಯಲ್ಲಿ ಅಥಣಿಯ ಕೈಗಳ ಪಾಲು ದೊಡ್ಡದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ ಸೇರಿದವು. ಬೆಳಗಾವಿ ಅದರಲ್ಲಿ ಒಂದು. ಈ ಕೆಲಸ ನಡೆಯುವುದು ಫ್ಯಾಕ್ಟರಿಯಲ್ಲಿ ಅಲ್ಲ, ಬಹುಪಾಲು ಮನೆಯ ಪಡಸಾಲೆಯಲ್ಲಿ, ಬಾಗಿಲ ಮುಂದೆ. ಗಂಡಸರು ತೊಗಲು ಕತ್ತರಿಸಿದರೆ ಹೆಣ್ಣುಮಕ್ಕಳು ಜಡೆ ಹೆಣೆದ ಹಾಗೆ ಪಟ್ಟಿ ಹೆಣೆಯುತ್ತಾರೆ. ಈಗ ನಕ್ಷೆ ಮಾಡುವವರು ಆ ಓಣಿಗೆ ಯಾವ ಬಣ್ಣ ಹಚ್ಚಬೇಕು? ಮನೆ ಅಂತಲೋ, ಕೈಗಾರಿಕೆ ಅಂತಲೋ? ಬರೀ ಮನೆ ಅಂತ ಹಚ್ಚಿದರೆ ನಾಳೆ ಯಾರಾದರೂ ಬಂದು ಇಲ್ಲಿ ಕೆಲಸ ಮಾಡೋ ಹಾಗಿಲ್ಲ ಅನ್ನಬಹುದು.

ರಾಯಬಾಗದಲ್ಲಿ ಊರು ಒಂದು ಕಡೆ, ರೈಲು ನಿಲ್ದಾಣ ಇನ್ನೊಂದು ಕಡೆ. ಊರು ಯಾವ ದಿಕ್ಕಿಗೆ ಬೆಳೆಯಬೇಕು ಅನ್ನೋದೇ ಅಲ್ಲಿನ ಪ್ರಶ್ನೆ. ಚಿಕ್ಕೋಡಿಯದ್ದು ಕಚೇರಿಗಳ ಪ್ರಶ್ನೆ. ಒಂದು ಕೋರ್ಟು, ಒಂದು ತಹಶೀಲ್ದಾರ್ ಕಚೇರಿ ಸುತ್ತ ಎಷ್ಟು ಹೊಟ್ಟೆ ತುಂಬುತ್ತೆ ನೋಡಿ. ಬಾಂಡ್ ಬರೆಯುವವರು, ಝೆರಾಕ್ಸ್ ಅಂಗಡಿ, ಚಹಾದ ಗಾಡಿ, ಖಾನಾವಳಿ. ಯಾವುದೇ ಊರಲ್ಲಿ ಕಚೇರಿ ಮೂರು ಕಿಲೋಮೀಟರ್ ಆಚೆ ಹೋದರೆ ಹೊಸ ಕಟ್ಟಡದ ಉದ್ಘಾಟನೆ ಟಿವಿಯಲ್ಲಿ ಬರುತ್ತೆ, ನಾವೇ ತೋರಿಸ್ತೀವಿ. ಹಳೇ ಪೇಟೆಯಲ್ಲಿ ಮುಚ್ಚಿದ ಖಾನಾವಳಿ ಸುದ್ದಿಯಾಗಲ್ಲ.

ಕಾಗವಾಡದ್ದು ಇನ್ನೂ ಬೇರೆ. ಗಡಿಯಂಚಿನ ಊರು, ದೊಡ್ಡ ಆಸ್ಪತ್ರೆ ಅಂದರೆ ಮಿರಜ್ ಕಡೆ ಮುಖ ಮಾಡುವ ಊರು. ತಾಲೂಕು ಆಗಿದೆ, ತಾಲೂಕು ಕೇಂದ್ರಕ್ಕೆ ತಕ್ಕ ಪೇಟೆ ಇನ್ನೂ ರೂಪ ತಾಳಬೇಕು. ಒಂದು ರೀತಿಯಲ್ಲಿ ಅದೃಷ್ಟ. ಬೇರೆ ಊರು ಮಾಡಿದ ತಪ್ಪು ಮಾಡದೇ ಇರುವ ಅವಕಾಶ ಇದೆ.

ಸರಿ. ಈಗ ಕಾನೂನು ಏನು ಹೇಳುತ್ತೆ? ಸ್ವಲ್ಪ ತಾಳ್ಮೆ ಇರಲಿ, ಇದು ನಿಮ್ಮ ಗೋಡೆಯ ವಿಷಯ.

ನಮ್ಮ ರಾಜ್ಯದಲ್ಲಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಂತ ಇದೆ, 1961ರದ್ದು. ಊರು ಹೇಗೆ ಬೆಳೆಯಬೇಕು ಅನ್ನೋದಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಬೇಕು ಅನ್ನುತ್ತೆ ಈ ಕಾಯ್ದೆ. ಮಾಡುವುದು ಯೋಜನಾ ಪ್ರಾಧಿಕಾರ. ಪ್ರತ್ಯೇಕ ಪ್ರಾಧಿಕಾರ ಇಲ್ಲದ ಕಡೆ ಆ ಹೊಣೆ ಸ್ಥಳೀಯ ಸಂಸ್ಥೆಯದ್ದೇ ಆಗಬಹುದು. ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು.

ಮಾಸ್ಟರ್ ಪ್ಲಾನ್ ಅಂದರೆ ಏನು? ಒಂದು ದೊಡ್ಡ ಬಣ್ಣದ ನಕ್ಷೆ, ಅದರ ಜೊತೆ ಒಂದು ನಿಯಮಾವಳಿ. ನಕ್ಷೆಯಲ್ಲಿ ಹಳದಿ ಅಂದರೆ ವಾಸದ ಜಾಗ. ನೀಲಿ ಅಂದರೆ ಅಂಗಡಿ-ಮುಂಗಟ್ಟು. ನೇರಳೆ ಅಂದರೆ ಕೈಗಾರಿಕೆ. ಕೆಂಪು ಅಂದರೆ ಶಾಲೆ, ಆಸ್ಪತ್ರೆ, ಕಚೇರಿ. ಹಸಿರು ಅಂದರೆ ಉದ್ಯಾನ, ಆಟದ ಮೈದಾನ. ಇವುಗಳ ನಡುವೆ ರಸ್ತೆಯ ಗೆರೆಗಳು. ಇವತ್ತು 20 ಅಡಿ ಇರುವ ಓಣಿಗೆ ನಕ್ಷೆಯಲ್ಲಿ 40 ಅಡಿ ಅಂತ ಬರೆದಿದ್ದರೆ, ನೀವು ಹೊಸ ಮನೆ ಕಟ್ಟಲು ಪರವಾನಗಿ ಕೇಳಿದ ದಿನ ಆ 40 ಅಡಿ ಎದ್ದು ಬಂದು ನಿಮ್ಮ ಮುಂದೆ ನಿಲ್ಲುತ್ತೆ. ನಿಮ್ಮ ಹೊಲ ಹಸಿರಾಯಿತೋ ಹಳದಿಯಾಯಿತೋ ಅನ್ನುವುದರ ಮೇಲೆ ಅದರ ಬೆಲೆ ಏರುತ್ತೆ, ಇಳಿಯುತ್ತೆ.

ಈಗ ಮುಖ್ಯವಾದ ಮಾತು. ಇದರಲ್ಲಿ ಜನರನ್ನು ಯಾವಾಗ ಕೇಳ್ತಾರೆ? ಕಾಯ್ದೆಯ ಕಲಂ 13 ನೋಡಿ. ಪ್ರಾಧಿಕಾರ ನಕ್ಷೆ ತಯಾರಿಸುತ್ತೆ. ಸರ್ಕಾರಕ್ಕೆ ಕಳಿಸುತ್ತೆ. ಸರ್ಕಾರ ತಾತ್ಕಾಲಿಕ ಅನುಮೋದನೆ ಕೊಡುತ್ತೆ. ಆಮೇಲೆ ಪ್ರಕಟಣೆ ಹೊರಡಿಸಿ, 60 ದಿನದೊಳಗೆ ನಿಮ್ಮ ಅಭಿಪ್ರಾಯ ತಿಳಿಸಿ ಅಂತ ಕೇಳುತ್ತೆ. ಬಂದ ಅಭಿಪ್ರಾಯ ಪರಿಶೀಲಿಸಿ ಮತ್ತೆ ಸರ್ಕಾರಕ್ಕೆ ಕಳಿಸುತ್ತೆ. ಆಮೇಲೆ ಅಂತಿಮ.

ಅಂದರೆ ಏನಾಯಿತು? ಹೆಣ್ಣು ನೋಡಿ, ಮಾತುಕತೆ ಮುಗಿಸಿ, ಲಗ್ನಪತ್ರಿಕೆ ಅಚ್ಚು ಹಾಕಿಸಿ, ಕೊನೆಗೆ ಹುಡುಗಿಯನ್ನು "ನಿನಗ ಒಪ್ಪಿಗಿ ಐತೇನವ್ವಾ?" ಅಂತ ಕೇಳಿದ ಹಾಗೆ. ಕೇಳಿದ್ದು ನಿಜ, ಆದರೆ ಕೇಳಿದ ಹೊತ್ತು ತಪ್ಪು. ಅಷ್ಟು ದೂರ ಬಂದ ಮೇಲೆ ಬೇಡ ಅಂದವಳೇ ತಪ್ಪಿತಸ್ಥೆ. ಇಲ್ಲೂ ಹಾಗೇ, ಆಕ್ಷೇಪಣೆ ಹಾಕಿದವನಿಗೆ ಅಭಿವೃದ್ಧಿ ವಿರೋಧಿ ಅನ್ನುವ ಪಟ್ಟ.

60 ದಿನದ ಆ ಅವಕಾಶವಾದರೂ ಜನರಿಗೆ ಮುಟ್ಟುತ್ತಾ? ಪತ್ರಿಕೆಯ ಒಳಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಪ್ರಕಟಣೆ. ಕಚೇರಿ ಗೋಡೆಯ ಮೇಲೆ ಒಂದು ನಕ್ಷೆ. ಅದರಲ್ಲಿ ಸರ್ವೇ ನಂಬರ್ ಕಾಣಬೇಕಾದರೆ ಭೂತಗನ್ನಡಿ ಬೇಕು. ನಾನು ನಾಲ್ಕು ವರ್ಷ ನಕ್ಷೆ ಓದಲು ಕಲಿತವನು, ನನಗೇ ತಲೆ ತಿರುಗುತ್ತೆ. ಹೂ ಮಾರುವ ಅಕ್ಕ ಅದನ್ನು ಓದಿ, ಅರ್ಥ ಮಾಡಿಕೊಂಡು, ಅರ್ಜಿ ಬರೆದು, 60 ದಿನದೊಳಗೆ ಕೊಡಬೇಕು ಅಂದರೆ ಅದು ಕೇಳಿದ ಹಾಗಾಗಲ್ಲ.

ಇನ್ನು ಇದಕ್ಕಿಂತ ದೊಡ್ಡ ಕೊರತೆ ಒಂದಿದೆ. ಇದನ್ನು ನಾನು ಹೇಳಿದಾಗ ಬಹಳ ಜನ ನಂಬುವುದಿಲ್ಲ.

ಹಳ್ಳಿಯಲ್ಲಿ ಗ್ರಾಮ ಸಭೆ ಇದೆ. ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆ ಸೇರಬೇಕು. ಊರ ಮತದಾರರೆಲ್ಲ ಅದರ ಸದಸ್ಯರು. ನಡೆಯುವ ರೀತಿ ಹೇಗೇ ಇರಲಿ, ಎದ್ದು ನಿಂತು ಕೇಳುವ ಹಕ್ಕು ಇದೆ. ಬೆಂಗಳೂರಿನಂಥ ದೊಡ್ಡ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿ, ವಿಧಿ 243ಎಸ್. ಆದರೆ ಅದಕ್ಕೊಂದು ಷರತ್ತು. ಜನಸಂಖ್ಯೆ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಇರಬೇಕು.

ಈಗ ನಮ್ಮ ಊರುಗಳ ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ನಿಪ್ಪಾಣಿ 62 ಸಾವಿರ ಚಿಲ್ಲರೆ. ಅಥಣಿ 47 ಸಾವಿರ ಚಿಲ್ಲರೆ. ಚಿಕ್ಕೋಡಿ 38 ಸಾವಿರ ಚಿಲ್ಲರೆ. ಮೂರೂ ಕೂಡಿಸಿದರೂ 3 ಲಕ್ಷದ ಅರ್ಧದ ಆಸುಪಾಸು. ರಾಯಬಾಗ, ಕಾಗವಾಡ ಇನ್ನೂ ಚಿಕ್ಕವು. ಅಂದರೆ ಸಂವಿಧಾನ ಕಡ್ಡಾಯ ಮಾಡಿದ ವಾರ್ಡ್ ಸಮಿತಿ ಈ ಐದರಲ್ಲಿ ಯಾವ ಊರಿಗೂ ಸಿಗಲ್ಲ.

ಇದರ ವಿಚಿತ್ರ ನೋಡಿ. ನಿಮ್ಮ ಊರು ಗ್ರಾಮ ಪಂಚಾಯ್ತಿ ಆಗಿರುವ ತನಕ ನಿಮಗೆ ಗ್ರಾಮ ಸಭೆ ಇದೆ. ಊರು ಬೆಳೆಯಿತು, ಪಟ್ಟಣ ಪಂಚಾಯ್ತಿ ಆಯಿತು, ಪಟಾಕಿ ಹೊಡೆದೆವು, ಪೇಢೆ ಹಂಚಿದೆವು. ಆ ದಿನವೇ ಗ್ರಾಮ ಸಭೆ ಹೋಯಿತು. ಅದರ ಬದಲಿಗೆ ಬಂದದ್ದು ಏನು? ಐದು ವರ್ಷಕ್ಕೊಮ್ಮೆ ಮತ. ನಡುವೆ ಎಂದಾದರೂ ಬಜೆಟ್ ಪೂರ್ವಭಾವಿ ಸಭೆ. ಅದಕ್ಕೆ ಎಷ್ಟು ಜನ ಹೋಗ್ತಾರೆ ಅಂತ ನಿಮ್ಮ ಮನಸ್ಸಿಗೇ ಕೇಳಿಕೊಳ್ಳಿ. ಹಳ್ಳಿಯಲ್ಲೂ ಬಾಯಿದೆ, ಮಹಾನಗರದಲ್ಲೂ ಬಾಯಿದೆ. ನಡುವಿನ ಊರಿಗೆ ಮಾತ್ರ ಬಾಯಿಲ್ಲ.

ಎಲ್ಲಾ ಕಡೆ ಹೀಗೇನಾ? ಇಲ್ಲ. ದೂರ ಹೋಗಬೇಡಿ, ನಮ್ಮ ಕನ್ನಡಿಗರು ಬಾಳುವ ಕಾಸರಗೋಡಿಗೆ ಬನ್ನಿ. ಕೇರಳದ ನಗರಸಭೆ ಕಾಯ್ದೆ 1994ರದ್ದು. ಅದರ ಪ್ರಕಾರ ಜನಸಂಖ್ಯೆ 1 ಲಕ್ಷ ಮೀರದ ಊರಿನಲ್ಲಿ ಪ್ರತಿ ವಾರ್ಡಿಗೂ ವಾರ್ಡ್ ಸಭೆ ಇರಬೇಕು, ಆ ವಾರ್ಡಿನ ಮತದಾರರೆಲ್ಲ ಅದರಲ್ಲಿ ಕೂರಬಹುದು. 1 ಲಕ್ಷ ದಾಟಿದರೆ ವಾರ್ಡ್ ಸಮಿತಿ. ಕಾಸರಗೋಡು ನಗರಸಭೆ ನಿಪ್ಪಾಣಿಗಿಂತ ಚಿಕ್ಕದು. ಅಲ್ಲಿನ ಕನ್ನಡಿಗನಿಗೆ ತನ್ನ ವಾರ್ಡಿನಲ್ಲಿ ಎದ್ದು ನಿಂತು ಮಾತಾಡಲು ಕಾನೂನು ಜಾಗ ಕೊಟ್ಟಿದೆ. ನಿಪ್ಪಾಣಿಯ ಕನ್ನಡಿಗನಿಗೆ ಯಾಕೆ ಬೇಡ?

ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಪುಣೆ. ಅಲ್ಲಿನ ಮಹಾನಗರ ಪಾಲಿಕೆ 2006-07ರ ಬಜೆಟ್‌ನಿಂದ ಒಂದು ಪದ್ಧತಿ ತಂದಿತು. ನಮ್ಮ ಬೀದಿಗೆ ಈ ಕೆಲಸ ಬೇಕು ಅಂತ ನಾಗರಿಕರೇ ಅರ್ಜಿ ಕೊಡಬಹುದು, ಅದಕ್ಕೆ ಬಜೆಟ್‌ನಲ್ಲಿ ಹಣ ಇಡುತ್ತಾರೆ. ಜಗತ್ತಿನಲ್ಲಿ ಇದನ್ನು ಮೊದಲು ದೊಡ್ಡದಾಗಿ ಮಾಡಿ ತೋರಿಸಿದ್ದು ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರ, 1989ರಲ್ಲಿ. ಇನ್ನು ಕೇಳದೇ ಹೋದರೆ ಏನಾಗುತ್ತೆ ಅನ್ನುವುದಕ್ಕೆ ಬೆಂಗಳೂರನ್ನೇ ನೋಡಿ. 2031ರ ಮಾಸ್ಟರ್ ಪ್ಲಾನ್ ಕರಡು 2017ರ ನವೆಂಬರ್‌ನಲ್ಲಿ ಹೊರಬಂತು. ಸಾವಿರಾರು ಆಕ್ಷೇಪಣೆ ಬಂದವು. ಕೊನೆಗೆ 2020ರಲ್ಲಿ ಸರ್ಕಾರವೇ ವಾಪಸ್ ಪಡೆಯಿತು. ಅಷ್ಟು ವರ್ಷದ ಶ್ರಮ, ಖರ್ಚು ನೀರಲ್ಲಿ ಹೋಮ. ಮೊದಲೇ ಕೇಳುವುದು ಜನರ ಮೇಲಿನ ದಯೆ ಅಂತ ತಿಳಿಯಬೇಡಿ, ಸರ್ಕಾರಕ್ಕೂ ಅದೇ ಉಳಿತಾಯ.

ಈಗ ನನ್ನ ಇಂಜಿನಿಯರ್ ಸ್ನೇಹಿತರು ಒಂದು ಮಾತು ಹೇಳ್ತಾರೆ. "ಜನರನ್ನ ಕೇಳ್ತಾ ಕೂತರೆ ಒಂದು ಚರಂಡಿಯೂ ಆಗಲ್ಲ. ಎಲ್ಲರಿಗೂ ಅಗಲವಾದ ರಸ್ತೆ ಬೇಕು, ಯಾರಿಗೂ ತಮ್ಮ ಕಟ್ಟೆ ಒಡೆಯೋದು ಬೇಡ." ಈ ಮಾತಲ್ಲಿ ಸತ್ಯ ಇದೆ, ನಾನು ಅಲ್ಲಗಳೆಯಲ್ಲ. ಕಬ್ಬಿನ ಸೀಸನ್‌ನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಪೇಟೆಯೊಳಗೆ ಸಿಕ್ಕಿಕೊಂಡರೆ ಆಂಬುಲೆನ್ಸ್‌ಗೆ ದಾರಿ ಇರಲ್ಲ. ಚರಂಡಿ ಮೇಲೆ ಕಲ್ಲು ಹಾಸಿ ಅಂಗಡಿ ಮುಂದಕ್ಕೆ ತಂದವರೂ ನಾವೇ. ಜನರನ್ನು ಕೇಳುವುದು ಅಂದರೆ ಜನ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಲ್ಲ. ಸೇತುವೆಗೆ ಎಷ್ಟು ಕಬ್ಬಿಣ ಬೇಕು ಅಂತ ಮತ ಹಾಕಿ ನಿರ್ಧರಿಸೋಕಾಗಲ್ಲ.

ಆದರೆ ಇಂಜಿನಿಯರ್‌ಗೆ ಗೊತ್ತಿಲ್ಲದ ವಿಷಯವೂ ಇದೆ. ಒಂದು ಉದಾಹರಣೆ ಹೇಳ್ತೀನಿ. ರಸ್ತೆ ಎಷ್ಟು ಅಗಲ ಬೇಕು ಅಂತ ನಿರ್ಧರಿಸಲು ನಾವು ವಾಹನ ಎಣಿಸ್ತೀವಿ. ಕಾರು ಒಂದು ಅಂದರೆ ಲಾರಿ, ಬಸ್ಸಿಗೆ ಹೆಚ್ಚು ಅಂಕ, ಬೈಕಿಗೆ ಕಡಿಮೆ. ಎತ್ತಿನ ಗಾಡಿಗೂ ಒಂದು ಅಂಕ ಇದೆ. ನಡೆದುಕೊಂಡು ಹೋಗುವ ಮನುಷ್ಯನಿಗೆ ಆ ಲೆಕ್ಕದಲ್ಲಿ ಅಂಕವೇ ಇಲ್ಲ. ಸಂತೆಯ ದಿನ ಪೇಟೆಗೆ ಬರುವವರು ಯಾರು? ಬಹುಪಾಲು ಬಸ್ಸಿಳಿದು ನಡೆದು ಬರುವ ಹಳ್ಳಿಯವರು. ಅವರನ್ನು ಬಿಟ್ಟು ಎಣಿಸಿ, ವಾಹನಕ್ಕೆ ರಸ್ತೆ ಸಾಲದು ಅಂತ ಅಂಗಡಿ ಒಡೆದರೆ, ನಡೆಯುವವನಿಗೆ ಉಳಿಯುವುದು ಚರಂಡಿಯ ಅಂಚು. ಬಹುಶಃ ಸಂತೆಯ ದಿನ ನಾಲ್ಕು ತಾಸು ಟ್ರ್ಯಾಕ್ಟರ್ ಬೇರೆ ದಾರಿಯಲ್ಲಿ ತಿರುಗಿಸಿದರೆ ಒಡೆಯುವುದೇ ಬೇಕಾಗದು. ಇದನ್ನು ಹೇಳಬಲ್ಲವರು ಆ ಬೀದಿಯಲ್ಲಿ ಕೂತವರು.

ಇನ್ನೊಂದು, ಕೃಷ್ಣೆಯ ನೀರು. 2005ರಲ್ಲಿ, ಮತ್ತೆ 2019ರಲ್ಲಿ ಈ ಭಾಗ ಪ್ರವಾಹ ಕಂಡಿದೆ. ಯಾವ ಹಳ್ಳ ಹಿಂದಕ್ಕೆ ಉಕ್ಕಿತು, ಯಾವ ಗುಡಿಯ ಎಷ್ಟನೇ ಮೆಟ್ಟಿಲಿಗೆ ನೀರು ಬಂತು ಅಂತ ಅಲ್ಲಿನ ಅಜ್ಜಂದಿರು ಬೆರಳಿಟ್ಟು ತೋರಿಸ್ತಾರೆ. ಊರು ಬೆಳೆಯುವ ದಿಕ್ಕು ಗುರುತಿಸುವ ಮೊದಲು ಅವರ ಜೊತೆ ಒಂದು ಸುತ್ತು ನಡೆದರೆ ಖರ್ಚು ಎಷ್ಟು? ಒಂದು ಚಹಾ.

ಕೇಳುವಾಗ ಯಾವ ಭಾಷೆಯಲ್ಲಿ ಕೇಳ್ತೀರಿ ಅನ್ನುವುದೂ ಮುಖ್ಯ. ಕನ್ನಡದ ವಿಷಯದಲ್ಲಿ ನಮ್ಮ ನಿಲುವು ನಿಮಗೆ ಗೊತ್ತು. ಆಡಳಿತ ಕನ್ನಡದಲ್ಲೇ ಇರಬೇಕು, ನಕ್ಷೆಯೂ ನಿಯಮಾವಳಿಯೂ ಇಂಗ್ಲಿಷ್ ಬಿಟ್ಟು ಮೊದಲು ಕನ್ನಡಕ್ಕೆ ಬರಬೇಕು. ಆದರೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಮಾವಶಿ ತನ್ನ ಓಣಿಯ ನಳದ ಬಗ್ಗೆ ಮರಾಠಿಯಲ್ಲಿ ಹೇಳಿದರೆ ಅದನ್ನು ಕೇಳಿ ಕನ್ನಡದಲ್ಲಿ ಬರೆದುಕೊಳ್ಳಿ. ಇದರಿಂದ ಕನ್ನಡಕ್ಕೆ ನಷ್ಟವಿಲ್ಲ. ಆಕೆಯನ್ನು ಕೇಳಿದ ಸರ್ಕಾರ ಕರ್ನಾಟಕದ್ದು ಅನ್ನುವ ನೆನಪು ಆಕೆಗೆ ಉಳಿಯುತ್ತೆ.

ಕೇಳಿಸಿಕೊಳ್ಳದಿದ್ದರೆ ಏನಾಗುತ್ತೆ ಅಂತ ನಿಪ್ಪಾಣಿಗೆ ಯಾರೂ ಪಾಠ ಹೇಳಬೇಕಿಲ್ಲ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೊಡಿ ಅಂತ ರೈತರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ಕೂತರು. ಏಪ್ರಿಲ್‌ನಲ್ಲಿ ಗೋಲಿಬಾರ್ ಆಯಿತು, ರೈತರು ಜೀವ ಕಳೆದುಕೊಂಡರು. ಅದು ಬೆಲೆಯ ಹೋರಾಟ, ನಕ್ಷೆಯದ್ದಲ್ಲ, ನಿಜ. ಆದರೆ ಮಾತಾಡಲು ಬೇರೆ ಜಾಗ ಇಲ್ಲದಾಗ ಜನ ರಸ್ತೆಗೆ ಬರ್ತಾರೆ. ಆ ಜಾಗವನ್ನು ಮೊದಲೇ ಕೊಡುವುದು ಜಾಣತನ.

ಹಾಗಾದರೆ ಕಾನೂನು ಬದಲಾಗುವ ತನಕ ಕೈಕಟ್ಟಿ ಕೂರಬೇಕಾ? ಬೇಡ. ಇರುವ ಕಾನೂನಿನಲ್ಲೇ ನಾಲ್ಕು ಹಿಡಿಕೆ ಇವೆ. ಬರೆದುಕೊಳ್ಳಿ.

ಒಂದು, ನಿಮ್ಮ ಊರಿಗೆ ಮಾಸ್ಟರ್ ಪ್ಲಾನ್ ಇದೆಯಾ, ಇದ್ದರೆ ಯಾವ ವರ್ಷದ್ದು, ನಿಮ್ಮ ಬೀದಿಗೆ ಎಷ್ಟು ಅಗಲ ಬರೆದಿದ್ದಾರೆ. ಕಚೇರಿಗೆ ಹೋಗಿ ಕೇಳಿ. ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಕರಡು ಪ್ರಕಟವಾದರೆ 60 ದಿನದೊಳಗೆ ಸರ್ವೇ ನಂಬರ್ ಹಾಕಿ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಿ, ಸ್ವೀಕೃತಿ ತಗೊಳ್ಳಿ. ಬಾಯಿಮಾತಿನ ಆಕ್ಷೇಪಣೆ ಗಾಳಿಗೆ ಹೋಗುತ್ತೆ. ಪ್ಲಾನ್ ಆದ ಮೇಲೆ ಯಾರಾದರೂ ಜಾಗದ ಬಳಕೆ ಬದಲಿಸಲು ಹೊರಟರೂ ಕಲಂ 14ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಲೇಬೇಕು. ಆಟದ ಮೈದಾನ ಕಾಂಪ್ಲೆಕ್ಸ್ ಆಗುವುದು ಈ ದಾರಿಯಲ್ಲೇ. ಕಣ್ಣಿಟ್ಟಿರಿ.

ಎರಡು, ಬೀದಿ ಬದಿ ವ್ಯಾಪಾರಿಗಳ ಕಾಯ್ದೆ, 2014. ಇದಕ್ಕೆ 3 ಲಕ್ಷದ ಷರತ್ತಿಲ್ಲ, ಚಿಕ್ಕ ಊರಿಗೂ ಅನ್ವಯ. ಪ್ರತಿ ಊರಿನಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಆರಿಸಿ ಕಳಿಸಿದವರು. ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಸಮೀಕ್ಷೆ ಮುಗಿಯದೇ ಎಬ್ಬಿಸುವ ಹಾಗಿಲ್ಲ. 50 ವರ್ಷಕ್ಕಿಂತ ಹಳೆಯ ಸಹಜ ಸಂತೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಬೇರೆಡೆಗೆ ಸಾಗಿಸಬಾರದು. ಕಾಯಿಪಲ್ಲೆ ಮಾರುವ ಅಕ್ಕ ಅರ್ಜಿ ಹಿಡಿದು ಬಾಗಿಲಲ್ಲಿ ನಿಲ್ಲುವವಳಲ್ಲ, ಒಳಗೆ ಕುರ್ಚಿಯಲ್ಲಿ ಕೂರುವವಳು. ನಿಮ್ಮ ಊರಲ್ಲಿ ಈ ಸಮಿತಿ ಇದೆಯಾ? ಕೊನೆಯ ಸಭೆ ಯಾವಾಗ? ಕೇಳಿ.

ಮೂರು, ರಸ್ತೆಗೆ ಜಾಗ ಬಿಡಿ ಅಂತ ಒಪ್ಪಿಗೆ ಪತ್ರ ತಂದರೆ ಓದಿ ಸಹಿ ಹಾಕಿ. ಜಾಗದ ಬದಲು ಅಭಿವೃದ್ಧಿ ಹಕ್ಕು ಕೊಡ್ತೀವಿ ಅಂತಾರೆ, ಕಾಯ್ದೆಯಲ್ಲಿ ಕಲಂ 14ಬಿ ಇದೆ. ಅಂದರೆ ಹೆಚ್ಚು ಮಹಡಿ ಕಟ್ಟುವ ಹಕ್ಕಿನ ಕಾಗದ, ಅದನ್ನು ಮಾರಲೂಬಹುದು. ಬೆಂಗಳೂರಿನಲ್ಲಿ ಅದಕ್ಕೆ ಗಿರಾಕಿ ಇರಬಹುದು. ಹತ್ತು ಮಹಡಿ ಕಟ್ಟುವವರೇ ಇಲ್ಲದ ಊರಿನಲ್ಲಿ ಆ ಕಾಗದವನ್ನು ಕೊಳ್ಳುವವರು ಯಾರು? ಇನ್ನು 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಬಾಧಿತ ಕುಟುಂಬ ಅಂದರೆ ಮಾಲೀಕ ಮಾತ್ರ ಅಲ್ಲ. ಮೂರು ವರ್ಷಕ್ಕೂ ಮೊದಲಿಂದ ಅಲ್ಲೇ ದುಡಿದು ಬದುಕುವ ಬಾಡಿಗೆದಾರ, ಕುಶಲಕರ್ಮಿಯೂ ಸೇರ್ತಾರೆ. ಆದರೆ ಸ್ವಾಧೀನದ ದಾರಿ ಬಿಟ್ಟು ಮಾಲೀಕನ ಸಹಿ ಒಂದರಿಂದಲೇ ಜಾಗ ಹೋದರೆ, ಆ ರಕ್ಷಣೆ ಬಾಡಿಗೆದಾರನ ಕೈಗೆ ಸಿಗುವುದು ಕಷ್ಟ. ನನ್ನ ಟೇಲರ್ ಕಾಕಾ ಕಳೆದುಹೋದದ್ದು ಇಂಥ ಸಂದಿಯಲ್ಲೇ.

ನಾಲ್ಕು, ಕಾನೂನು ವಾರ್ಡ್ ಸಭೆ ಕಡ್ಡಾಯ ಮಾಡಿಲ್ಲ ಅಂದ ಮಾತ್ರಕ್ಕೆ ಮಾಡಬಾರದು ಅಂತಲ್ಲ. ನಿಮ್ಮ ವಾರ್ಡ್ ಸದಸ್ಯರಿಗೆ ಹೇಳಿ, ತಿಂಗಳಿಗೊಮ್ಮೆ ಗುಡಿ ಕಟ್ಟೆ ಮೇಲೋ ಶಾಲೆ ಅಂಗಳದಲ್ಲೋ ಕೂರಲಿ. ನೆಲದ ಮೇಲೆ ದೊಡ್ಡ ನಕ್ಷೆ ಹಾಸಲಿ. ನನ್ನ ಮನೆ ಇದು, ಇದು ಬಾವಿ, ಇಲ್ಲಿ ನೀರು ನಿಲ್ಲುತ್ತೆ ಅಂತ ಜನ ಬೆರಳಿಟ್ಟು ತೋರಿಸಲಿ. ಬರೆದುಕೊಂಡು ಸಹಿ ಹಾಕಿ ಪುರಸಭೆಗೆ ಕೊಡಿ. ಹತ್ತು ಸಹಿಯ ಕಾಗದ ಮೂಲೆ ಸೇರಬಹುದು, ಐನೂರು ಸಹಿಯ ಕಾಗದ ಸೇರಲ್ಲ.

ಸರ್ಕಾರಕ್ಕೆ ನನ್ನ ಕೇಳಿಕೆ ಎರಡೇ. 3 ಲಕ್ಷಕ್ಕಿಂತ ಚಿಕ್ಕ ಊರುಗಳಿಗೂ ಕೇರಳದ ಹಾಗೆ ವಾರ್ಡ್ ಸಭೆ ಕೊಡಿ. ಮಾಸ್ಟರ್ ಪ್ಲಾನಿಗೆ ಜನರ ಅಭಿಪ್ರಾಯವನ್ನು ತಾತ್ಕಾಲಿಕ ಅನುಮೋದನೆಗೆ ಮೊದಲೇ ಒಮ್ಮೆ ಪಡೆಯಿರಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಮನಸ್ಸು ಬೇಕು.

ಆ ಟೇಲರ್ ಕಾಕಾ ಈಗ ಎಲ್ಲಿದ್ದಾರೋ ಗೊತ್ತಿಲ್ಲ. "ಏನ್ ಬರ್ಯಾಕತ್ತೀಯೋ?" ಅಂತ ಅವರು ಕೇಳಿದ್ದಕ್ಕೆ ಅವತ್ತು ನಾನು ನಿಜ ಹೇಳಿದ್ದರೆ ರಸ್ತೆ ನಿಲ್ಲುತ್ತಿರಲಿಲ್ಲ. ಆದರೆ ಅವರಿಗೆ ಎರಡು ವರ್ಷ ಸಮಯ ಸಿಗುತ್ತಿತ್ತು. ಬೇರೆ ಅಂಗಡಿ ನೋಡಲು, ಒಂದು ಅರ್ಜಿ ಕೊಡಲು, ಕನಿಷ್ಠ ಒಂದು ಸಲ ಜಗಳ ಆಡಲು. ನಾಳೆ ನಿಮ್ಮ ಗೋಡೆ ಮೇಲೆ ಯಾರಾದರೂ ಕೆಂಪು ಬಣ್ಣದಲ್ಲಿ ಏನಾದರೂ ಬರೆದರೆ ನೀವೂ ಅದೇ ಪ್ರಶ್ನೆ ಕೇಳಿ. "ಬರೇ ಅಳತಿ" ಅಂದರೆ ಸುಮ್ಮನಾಗಬೇಡಿ. ಚಹಾ ಬೇಕಾದರೆ ಕೊಡಿ. ಉತ್ತರ ತಗೊಂಡೇ ಕೊಡಿ.